ತೊಟ್ಟು ಉಳಿಸಿ ಕಿತ್ತ ಮಾವು

ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರ ಜಿಲ್ಲೆ ರಾಜ್ಯದ ಮಾವಿನ ಕಣಜ. ಅದರಲ್ಲಿ ಸಿಂಹಪಾಲು ಶ್ರೀನಿವಾಸಪುರ ತಾಲ್ಲೂಕಿನದು. ಮುಳಬಾಗಿಲು ಕಡೆಯೂ ತೋಪುಗಳು ಹಬ್ಬಿವೆ. ಬಾದಾಮಿ, ರಸಪುರಿ, ಬೇನಿಷಾ, ಸೇಂದೂರ, ಮಲ್ಲಿಕಾ ಎಲ್ಲವೂ ಇವೆ. ತೋತಾಪುರಿಯಂತೂ ಹೇರಳ.

ರಫ್ತಿನ ಮಾತಿಗೆ ಬಂದರೆ, 2007ರಲ್ಲಿ ಅಮೆರಿಕ ಭಾರತದ ಮಾವನ್ನು ಮತ್ತೆ ಒಳಬಿಟ್ಟಿತು. ಹಣ್ಣಿಗೆ ವಿಕಿರಣ ಸಂಸ್ಕರಣೆ ಆಗಿರಲೇಬೇಕೆಂಬುದು ಅದರ ಷರತ್ತು. ಮೊದಲು ಆ ಸೌಲಭ್ಯ ಇದ್ದದ್ದು ನಾಸಿಕ್ ಬಳಿಯ ಲಾಸಲಗಾಂವ್‌ನಲ್ಲಿ. ಮುಂದೆ ನಮ್ಮ ಜಿಲ್ಲೆಯದೇ ಆದ ಮಾಲೂರಿನ ಇನ್ನೋವಾ ಅಗ್ರಿ ಬಯೋ ಪಾರ್ಕ್‌ಗೂ ಅಮೆರಿಕದ ಒಪ್ಪಿಗೆ ಸಿಕ್ಕಿತು. ಪೆಟ್ಟಿಗೆಗೆ ತುಂಬಿದ ಹಣ್ಣಿಗೆ ಇಲ್ಲಿ ಕನಿಷ್ಠ 400 ಗ್ರೇ ಪ್ರಮಾಣದ ವಿಕಿರಣ ಹಾಯಿಸುತ್ತಾರೆ. ವಾಟೆಯೊಳಗೆ ಅಡಗಿದ ಹುಳು, ತಿರುಳಿನಲ್ಲಿರುವ ನೊಣದ ಮೊಟ್ಟೆ ಮುಂದೆ ಸಂತತಿ ಬೆಳೆಸಲಾರವು. ಹಣ್ಣಿನಲ್ಲಿ ವಿಕಿರಣ ಉಳಿಯುವುದಿಲ್ಲ, ತಿನ್ನುವವರು ಅಂಜಬೇಕಿಲ್ಲ.

ಆದರೆ ತೋಪಿನಲ್ಲೇ ಕೆಟ್ಟ ಕಾಯನ್ನು ಯಾವ ಯಂತ್ರವೂ ಸರಿಪಡಿಸದು. ರಫ್ತಿನ ಕಾಯನ್ನು ಉದುರಿಸುವಂತಿಲ್ಲ. ಕೋಲಿನ ತುದಿಯ ಬಲೆಗೆ ಇಳಿಸಿಕೊಂಡು, ತೊಟ್ಟನ್ನು ಒಂದಿಷ್ಟು ಉದ್ದಕ್ಕೇ ಬಿಟ್ಟು ಕೊಯ್ಯಬೇಕು. ನೆರಳಿಗೆ ತಂದ ಮೇಲೆ ತೊಟ್ಟು ಮುರಿದು, ಕಾಯನ್ನು ಬೋರಲಾಗಿಟ್ಟು ಸೊನೆ ಬಸಿಯಬೇಕು. ಸೊನೆ ಸಿಪ್ಪೆಗೆ ಹರಿದರೆ ಸುಟ್ಟಂಥ ಕಪ್ಪು ಗೆರೆ ಮೂಡುತ್ತದೆ, ಹಣ್ಣು ಎಷ್ಟೇ ಸಿಹಿಯಿದ್ದರೂ ಪೆಟ್ಟಿಗೆ ಸೇರುವುದಿಲ್ಲ.

ಕೋಲಾರಕ್ಕೆ ಇನ್ನೊಂದು ಕಷ್ಟವಿದೆ. ಕೊಂಕಣದ ಆಪೂಸ್ ಮುಗಿಯುತ್ತಾ ಬಂದಾಗ ನಮ್ಮ ಸುಗ್ಗಿ ಏರುತ್ತದೆ. ಅಷ್ಟರಲ್ಲಿ ಮಳೆ, ಮಳೆಯ ಹಿಂದೆಯೇ ಹಣ್ಣುನೊಣ. 2014ರಲ್ಲಿ ಯುರೋಪ್ ಒಕ್ಕೂಟ ಭಾರತದ ಮಾವಿಗೆ ನಿಷೇಧ ಹೇರಿದ್ದೂ ಈ ನೊಣದಿಂದಲೇ, ಮರುವರ್ಷ ತೆರವಾಯಿತು. ತೋಪಿನಲ್ಲಿ ನೊಣ ಸೆಳೆಯುವ ಬಲೆ ಕಟ್ಟುವುದು, ಕಾಯಿಗೆ ಕಾಗದದ ಚೀಲ ತೊಡಿಸುವುದು ಖರ್ಚಿನ ಕೆಲಸವಾದರೂ ಬಿಡುವಂತಿಲ್ಲ. ಆದರೆ ಹೂ ಬಿಟ್ಟಾಗಲೇ ತೋಪನ್ನು ವ್ಯಾಪಾರಿಗೆ ಗುತ್ತಿಗೆ ಕೊಟ್ಟುಬಿಟ್ಟರೆ ಈ ಆರೈಕೆ ಮಾಡುವವರು ಯಾರು? ನನ್ನ ಮಟ್ಟಿಗೆ, ರಫ್ತು ಹೆಚ್ಚದಿರಲು ಇದೂ ದೊಡ್ಡ ಕಾರಣ. ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯಲ್ಲೇ ಮಾವಿನ ಉತ್ಕೃಷ್ಟತಾ ಕೇಂದ್ರವಿದೆ. ಅಲ್ಲಿನ ಪಾಠ ರೈತನ ಕೈಗೆ ಬರಬೇಕಾದರೆ ಮರವೂ ಅವನ ಕೈಯಲ್ಲೇ ಉಳಿಯಬೇಕು.

ತೋತಾಪುರಿಯ ಹಾದಿ ಬೇರೆ. ಅದು ಹೊರದೇಶಕ್ಕೆ ಹೋಗುವುದು ಹೆಚ್ಚಾಗಿ ತಿರುಳಾಗಿ, ಅದೂ ನೆರೆಯ ಆಂಧ್ರದ ಚಿತ್ತೂರಿನ ಕಾರ್ಖಾನೆಗಳ ಮೂಲಕ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಯನ್ನು ತಡೆದಾಗ ಬೆಲೆ ಕುಸಿಯಿತು, ಶ್ರೀನಿವಾಸಪುರದ ರೈತರು ಬೀದಿಗಿಳಿದರು. ಕೊನೆಗೆ ಕೇಂದ್ರ ಸರ್ಕಾರವು ಕ್ವಿಂಟಲ್‌ಗೆ 1,616 ರೂಪಾಯಿ ದರದ ಆಧಾರದಲ್ಲಿ ನೆರವು ಘೋಷಿಸಿತು. ತಿರುಳಿನ ಕಾರ್ಖಾನೆ ನಮ್ಮ ತಾಲ್ಲೂಕಿನಲ್ಲೇ ಬರಲಿ ಎಂಬುದು ಇಲ್ಲಿನ ಬೆಳೆಗಾರರ ಹಳೆಯ ಬೇಡಿಕೆ.