ಕವಿತೆ ಯಾರ ಕಿವಿಗೆ?

1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಪುಸ್ತಕವಾಗಿ ಬಂತು. ಹೊಸಗನ್ನಡ ಕಾವ್ಯದ ಕಥೆಯನ್ನು ಯಾರೇ ಹೇಳಲಿ, ಈ ಸಂಕಲನವನ್ನು ದಾಟಿ ಹೋಗುವಂತಿಲ್ಲ. ಆದರೆ ಅದರೊಳಗಿನ ಬಹುಪಾಲು ಕವಿತೆಗಳ ಭಾವ ‘ಶ್ರೀ’ಯವರದಲ್ಲ. ಅಲ್ಲಿರುವುದು ಥಾಮಸ್ ಹುಡ್‌ನ ಮರುಕ, ನ್ಯೂಮನ್‌ನ ಪ್ರಾರ್ಥನೆ, ಇನ್ನೂ ಹಲವು ಇಂಗ್ಲಿಷ್ ಕವಿಗಳ ಒಲವು, ವಿರಹ, ವೀರ. ಕವಿಯ ಸ್ವಂತ ಸುಖದುಃಖ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಪುಸ್ತಕವೊಂದು ಇಡೀ ಭಾಷೆಯ ಕಾವ್ಯದ ದಿಕ್ಕನ್ನೇ ತಿರುಗಿಸಿತು. ಹೊಸ ಕವಿತೆ ಹುಟ್ಟುವುದು ಹೊಸ ಭಾವದಿಂದ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಸಂಕಲನಗಳ ಬಿಡುಗಡೆಯಲ್ಲೂ ಬೆನ್ನುಡಿಗಳಲ್ಲೂ ‘ತೀವ್ರ ಭಾವನೆ’, ‘ಮಿಡಿತ’, ‘ತುಡಿತ’ ಎಂಬ ಮಾತುಗಳೇ ಕೇಳಿಬರುತ್ತವೆ. ‘ಇಂಗ್ಲಿಷ್ ಗೀತಗಳು’ ಈ ನಂಬಿಕೆಗೆ ಒಗ್ಗುವುದಿಲ್ಲ. ಅಲ್ಲಿ ಹೊಸದಾಗಿದ್ದದ್ದು ಕೇಳುವವನು. ಕಾಲೇಜಿನಲ್ಲಿ ಇಂಗ್ಲಿಷ್ ಕಾವ್ಯ ಓದಿ ಮನೆಗೆ ಬಂದು ಕನ್ನಡದಲ್ಲಿ ಅಂಥದ್ದಿಲ್ಲವೆಂದು ಸುಮ್ಮನಾಗುತ್ತಿದ್ದ ಒಂದು ತಲೆಮಾರಿನ ತರುಣರು ‘ಶ್ರೀ’ಯವರ ಕಣ್ಣೆದುರಿಗೇ, ಅವರ ಮೈಸೂರಿನ ತರಗತಿಗಳಲ್ಲೇ ಕೂತಿದ್ದರು. ಕನ್ನಡ ಮಾತು ತಲೆಯೆತ್ತುವ ಬಗೆಯ ಬಗ್ಗೆ 1911ರಲ್ಲೇ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಮಾತಾಡಿದ್ದವರು ಅವರು. ಆ ತರುಣರ ಕಿವಿಗೆ ಹೊಂದುವ ಲಯ ಹುಡುಕುತ್ತ ಹೋದಾಗ ಹಳೆಯ ಪ್ರಾಸದ ಕಟ್ಟು ಸಡಿಲಿತು, ಹೊಸ ಪದ್ಯದ ನಡಿಗೆ ಸಿಕ್ಕಿತು.

ಹಾಗಾಗಿ ಹೊಸ ಕವನ ಸಂಕಲನವೊಂದು ಕೈಗೆ ಬಂದಾಗ ‘ಈ ಕವಿ ಏನನ್ನು ಅನುಭವಿಸಿದ’ ಎಂದು ಕೇಳುವುದಕ್ಕಿಂತ ಮೊದಲು ‘ಈ ಕವಿ ಯಾರೊಡನೆ ಮಾತಾಡುತ್ತಿದ್ದಾನೆ’ ಎಂದು ಕೇಳಬೇಕು ಎಂಬುದು ನನ್ನ ವಾದ. ಪ್ರೀತಿ, ಸಾವು, ಸಿಟ್ಟು, ಊರಿನ ನೆನಪು, ದೇವರ ಹಂಬಲ ಪಂಪನ ಕಾಲಕ್ಕೂ ಹಳೆಯವೇ. ಬದಲಾಗುತ್ತ ಬಂದಿರುವುದು ಎದುರಿಗಿರುವ ಮುಖ. ಈ ಮುಖ ಬದಲಾದಾಗ ಭಾವದ ಜೊತೆಗೆ ವಿಚಾರವೂ ಬದಲಾಗುತ್ತದೆ, ಭಾಷೆಯೂ ಬದಲಾಗುತ್ತದೆ. ಇದು ಕನ್ನಡಕ್ಕೆ ಹೊರಗಿನಿಂದ ತಂದ ಅಳತೆಯಲ್ಲ. ಹನ್ನೆರಡನೆಯ ಶತಮಾನದ ವಚನಕಾರರು ಪ್ರತಿ ವಚನಕ್ಕೂ ಒಂದು ಅಂಕಿತ ಇಟ್ಟರು. ಕೂಡಲಸಂಗಮದೇವನಿಗೆ ಹೇಳುವ ಮಾತಿನ ಧಾಟಿಯೇ ಬೇರೆ, ಚೆನ್ನಮಲ್ಲಿಕಾರ್ಜುನನಿಗೆ ಹೇಳುವ ಮಾತಿನ ಬಿಸಿಯೇ ಬೇರೆ. ದಾಸರೂ ತಮ್ಮ ವಿಠಲನನ್ನು ಎದುರಿಗಿಟ್ಟುಕೊಂಡೇ ಹಾಡಿದರು. ಬೆಳಗಿನ ಜಾವದಲ್ಲಿ ಹಿಟ್ಟು ಬೀಸುತ್ತಿದ್ದ ಹೆಂಗಸರು ಬೀಸುವ ಕಲ್ಲನ್ನೇ ತಾಯಿಯೆಂದು ಕರೆದು ಅದಕ್ಕೆ ತವರಿನ ಸುದ್ದಿ ಹೇಳಿಕೊಂಡರು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದ್ದು ಇಂಥ ತ್ರಿಪದಿಗಳನ್ನೇ. ಡಿ.ವಿ. ಗುಂಡಪ್ಪನವರಿಗೆ ತಮ್ಮ ತತ್ತ್ವಚಿಂತನೆಯನ್ನು ಹೇಳಲು ಮಂಕುತಿಮ್ಮ ಬೇಕಾದ. ಅವನಿಲ್ಲದಿದ್ದರೆ ಅದೇ ವಿಚಾರಗಳು ಉಪನ್ಯಾಸವಾಗಿ ಉಳಿದಿರುತ್ತಿದ್ದವು, ಮನೆಮನೆಯ ಬಾಯಿಗೆ ಬರುತ್ತಿರಲಿಲ್ಲ.

ಈ ಮಾತನ್ನು ಒಂದೇ ಕವಿತೆಯಲ್ಲಿಟ್ಟು ಪರೀಕ್ಷಿಸುವುದಾದರೆ ಬೇಂದ್ರೆಯವರ ಹತ್ತಿರ ಹೋಗಬೇಕು. ಬೇಂದ್ರೆ ದಂಪತಿ ತಮ್ಮ ಹಲವು ಮಕ್ಕಳನ್ನು ಕಳೆದುಕೊಂಡವರು. ಅಂಥ ಒಂದು ಸಾವಿನ ಹೊತ್ತಿನ ಅವರ ಕವಿತೆ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಅದು ಮಗುವಿನ ವರ್ಣನೆ ಮಾಡುವುದಿಲ್ಲ, ವಿಧಿಯನ್ನು ಬೈಯುವುದಿಲ್ಲ, ಓದುಗನ ಕಡೆಗೆ ತಿರುಗಿ ತನ್ನ ದುಃಖ ಎಷ್ಟೆಂದು ತೋರಿಸುವುದೂ ಇಲ್ಲ. ಗಂಡ ಹೆಂಡತಿಯೊಡನೆ ಮಾತಾಡುತ್ತಾನೆ, ಅಷ್ಟೇ. ಅವಳು ತನ್ನನ್ನು ನೋಡುತ್ತಿರುವ ನೋಟವನ್ನು ಅವನು ಎದುರಿಸಲಾರ. ಅವಳು ಒಳಗೇ ತಡೆಹಿಡಿದ ಅಳು ಅವನಿಗೆ ಅತ್ತು ಮುಗಿಸಿದ ಅಳುವಿಗಿಂತ ಭಯ ಹುಟ್ಟಿಸುತ್ತದೆ. ಕವಿತೆಯ ಎಲ್ಲ ಪ್ರತಿಮೆಗಳೂ ಅವಳ ಮುಖ, ಕಣ್ಣು, ತುಟಿಗಳ ಸುತ್ತಲೇ ತಿರುಗುತ್ತವೆ. ಮಾತು ಹೆಂಡತಿಯೊಡನೆ ಆದ್ದರಿಂದಲೇ ಭಾಷೆ ಧಾರವಾಡದ ಮನೆಮಾತು. ಗ್ರಂಥದ ಕನ್ನಡ ಅಲ್ಲಿ ಒಂದು ಗಳಿಗೆಯೂ ನಿಲ್ಲಲಾರದು. ದುಃಖ ಎಲ್ಲ ತಂದೆಯರಿಗೂ ಬರುತ್ತದೆ. ಆ ದುಃಖವನ್ನು ತನಗಿಂತ ಹೆಚ್ಚು ಅನುಭವಿಸುತ್ತಿರುವ ಇನ್ನೊಬ್ಬಳ ಎದುರಿನಲ್ಲಿ ನಿಂತು, ಅವಳಿಗೆ ಏನನ್ನೂ ಕೊಡಲಾರೆ ಎಂಬ ಅರಿವಿನಿಂದ ಮಾತಾಡಬೇಕಾಗಿ ಬಂದದ್ದು ಆ ಕವಿತೆಯನ್ನು ಹುಟ್ಟಿಸಿತು. 1937ರ ‘ಸಖೀಗೀತ’ದಲ್ಲಿ ಬೇಂದ್ರೆ ಇಡೀ ದಾಂಪತ್ಯವನ್ನೇ ಹೀಗೆ ಸಖಿಗೆ ಹೇಳುವ ಮಾತಾಗಿ ಹರಡಿದರು.

ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಬಂದದ್ದು 1942ರಲ್ಲಿ. ದೇಶ ‘ಬ್ರಿಟಿಷರೇ, ಭಾರತ ಬಿಟ್ಟು ತೊಲಗಿ’ ಎಂದು ಬೀದಿಗಿಳಿದಿದ್ದ ವರ್ಷ. ಅಂಥ ಕಾಲದಲ್ಲಿ ಮಾವನ ಮನೆ, ಹೆಂಡತಿಯ ಮುನಿಸು, ಶಾನುಭೋಗರ ಮಗಳ ಕಥೆ ಹೇಳುವುದು ಹಗುರವಾದ ಕೆಲಸವೆಂದು ತೋರಬಹುದು. ಹಾಗೆ ಅನ್ನಿಸುವುದು ಭಾವವನ್ನು ಮಾತ್ರ ನೋಡಿದಾಗ. ಶೃಂಗಾರ ಕನ್ನಡ ಕಾವ್ಯಕ್ಕೆ ಹೊಸದಾಗಿರಲಿಲ್ಲ. ಆದರೆ ಹಳೆಯ ಕಾವ್ಯದ ನಾಯಿಕೆಯರು ಹೆಚ್ಚಾಗಿ ವರ್ಣನೆಗೆ ಸಿಕ್ಕವರು. ನರಸಿಂಹಸ್ವಾಮಿಯವರ ಕವಿತೆಗಳಲ್ಲಿ ಗಂಡ ಕೈಹಿಡಿದವಳೊಡನೆ ಮಾತಾಡುತ್ತಾನೆ, ಅವಳ ಉತ್ತರಕ್ಕೆ ಕಾಯುತ್ತಾನೆ, ಅವಳು ತಡಮಾಡಿದರೆ ಆತಂಕಪಡುತ್ತಾನೆ. ಹಳ್ಳಿಯ ಮಧ್ಯಮ ವರ್ಗದ ಮನೆಯಲ್ಲಿ ಹಿರಿಯರೆದುರು ಹೆಂಡತಿಯ ಹೆಸರು ಕರೆಯುವುದೂ ಸಂಕೋಚವಾಗಿದ್ದ ದಿನಗಳಲ್ಲಿ, ಅವಳನ್ನು ಸಮನಾಗಿ ಕೂರಿಸಿಕೊಂಡು ಮಾತಾಡಿಸಿದ್ದು ಒಂದು ಸಾಮಾಜಿಕ ವಿಚಾರ. ಘೋಷಣೆಯಿಲ್ಲದೆ ಬಂದದ್ದರಿಂದ ಅದು ಮನೆಯೊಳಗೆ ಹೋಯಿತು. ಮದುವೆಗಳಲ್ಲಿ ಈ ಪುಸ್ತಕವನ್ನು ಉಡುಗೊರೆ ಕೊಡುವ ರೂಢಿ ಬೆಳೆಯಿತು. ಕನ್ನಡದಲ್ಲಿ ಕವನ ಸಂಕಲನವೊಂದಕ್ಕೆ ಸಿಕ್ಕ ಅತಿ ದೊಡ್ಡ ಗೌರವ ಇದೇ ಎಂದು ನಾನು ತಿಳಿಯುತ್ತೇನೆ. ಯಾವ ಪ್ರಶಸ್ತಿಯೂ ಇದಕ್ಕೆ ಸಮವಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಒಳ್ಳೆಯ ಕವಿ ಯಾರಿಗೂ ಹೇಳುವುದಿಲ್ಲ, ತನ್ನೊಳಗೇ ಆಡಿಕೊಳ್ಳುತ್ತಾನೆ, ನಾವು ಅದನ್ನು ಕದ್ದು ಕೇಳುತ್ತೇವೆ, ಅಷ್ಟೇ. ಕೇಳುಗನನ್ನು ನೆನೆದು ಬರೆದದ್ದು ಭಾಷಣವಾದೀತು. ನವ್ಯ ಕಾವ್ಯದ ನಂಬಿಕೆಯೇ ಸುಮಾರಾಗಿ ಇದಾಗಿತ್ತು, ಮತ್ತು ಗೋಪಾಲಕೃಷ್ಣ ಅಡಿಗರು ಅದರ ಅತ್ಯಂತ ಬಲವಾದ ಸಾಕ್ಷಿ. ಆದರೆ ಅಡಿಗರ ಸಂಕಲನಗಳನ್ನು ಸಾಲಾಗಿಟ್ಟು ನೋಡಿ. 1948ರ ‘ಕಟ್ಟುವೆವು ನಾವು’ ಸಂಕಲನದ ದನಿ ‘ನಾವು’. ಸ್ವಾತಂತ್ರ್ಯದ ಹುರುಪಿನಲ್ಲಿ ಹೆಗಲಿಗೆ ಹೆಗಲು ಕೊಟ್ಟ ಜನಸಮೂಹವೇ ಅದರ ಕೇಳುಗ. ಆರೇ ವರ್ಷಗಳ ನಂತರ, 1954ರಲ್ಲಿ ‘ಚಂಡೆ ಮದ್ದಳೆ’ ಬರುವ ಹೊತ್ತಿಗೆ ಆ ‘ನಾವು’ ಒಡೆದಿದೆ. ಕನಸು ಕಂಡವನೂ ಅದು ಹಳಸಿದ್ದನ್ನು ನೋಡಿದವನೂ ಒಬ್ಬನೇ ಆಗಿ, ಒಬ್ಬ ಇನ್ನೊಬ್ಬನನ್ನು ಬಿಡದೆ ಪ್ರಶ್ನಿಸುತ್ತಾನೆ. ಮೊಗೇರಿಯ ಕವಿ ತನ್ನ ನಾಡಿನ ಯಕ್ಷಗಾನದ ವಾದ್ಯಗಳನ್ನು ಹೆಸರಿಗೆ ತಂದರೂ ಒಳಗಿನ ಲಯ ಜಗಳದ ಮಾತಿನ ಲಯ. ತನ್ನೊಳಗೆ ಆಡಿಕೊಳ್ಳುವುದೆಂದರೆ ಇದೇ: ಅಲ್ಲಿ ಕೇಳುವವನು ಇದ್ದಾನೆ, ಅವನು ಅತ್ಯಂತ ಕಠಿಣ ಕೇಳುಗ, ಏಕೆಂದರೆ ಅವನಿಗೆ ಸುಳ್ಳು ಹೇಳಲು ಆಗುವುದಿಲ್ಲ. ಅಡಿಗರ ಕವಿತೆ ಕ್ಲಿಷ್ಟ ಎಂಬ ದೂರು ಆಗಲೂ ಇತ್ತು, ಈಗಲೂ ಇದೆ. ಸಭೆಯನ್ನು ಬಿಟ್ಟು ತನ್ನೆದುರಿಗೇ ಕೂತ ಕವಿ ಸಭೆಯ ಸೌಲಭ್ಯಗಳನ್ನೂ ಬಿಡಬೇಕಾಯಿತು. ಆ ಬೆಲೆ ತೆರಲು ಅಡಿಗರು ಸಿದ್ಧರಿದ್ದರು.

ಎರಡನೆಯ ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುತ್ತದೆ. ಕೇಳುಗನೇ ಮುಖ್ಯವಾದರೆ ಕವಿತೆ ಘೋಷಣೆಯ ಮಟ್ಟಕ್ಕೆ ಇಳಿಯುವುದಿಲ್ಲವೆ? ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಗ್ಗೆ ಈ ಮಾತು ಎಷ್ಟೋ ಸಲ ಕೇಳಿಬಂದಿದೆ. 1975ರಲ್ಲಿ, ದಲಿತ ಚಳವಳಿ ಕರ್ನಾಟಕದಲ್ಲಿ ಬೇರು ಬಿಡುತ್ತಿದ್ದಾಗ ಬಂದ ಪುಸ್ತಕ ಅದು. ಅದರ ಕೇಳುಗರಲ್ಲಿ ಬಹಳ ಜನಕ್ಕೆ ಓದು ಬರುತ್ತಿರಲಿಲ್ಲ. ಪುಸ್ತಕವನ್ನೇ ಬಿಚ್ಚಲಾರದವರಿಗಾಗಿ ಪುಸ್ತಕ ಬರೆಯುವ ಕವಿಯ ಎದುರು ಇರುವ ಸವಾಲನ್ನು ಯೋಚಿಸಬೇಕು: ಸಾಲು ಒಮ್ಮೆ ಕೇಳಿದರೆ ನೆನಪಿನಲ್ಲಿ ಉಳಿಯಬೇಕು, ನಡೆಯುತ್ತ ಹಾಡಲು ಬರಬೇಕು, ಕೇರಿಯ ಆಡುಮಾತಿಗೆ ನಾಚಿಕೆ ತರಬಾರದು. ಅಲ್ಲಿನ ಸಿಟ್ಟು ಶೋಷಕರ ಮೇಲೆ ಹೌದು, ಆದರೆ ಹಾಡು ತಿರುಗಿರುವುದು ತನ್ನವರ ಕಡೆಗೆ. ಎದುರಾಳಿಯ ಮೇಲೆ ಕೂಗಿದ್ದು ಮಾತ್ರವಾಗಿದ್ದರೆ ಚಳವಳಿಯ ಏರಿಳಿತದ ಜೊತೆಗೇ ಅದು ಅಡಗಿಹೋಗಬೇಕಿತ್ತು. ಅರ್ಧ ಶತಮಾನ ಕಳೆದರೂ ಮೆರವಣಿಗೆಗಳಲ್ಲಿ ಆ ಹಾಡುಗಳು ಕೇಳಿಬರುತ್ತಿವೆ. ಸಂಕಲನದ ಎಲ್ಲ ಕವಿತೆಗಳೂ ಒಂದೇ ತೂಕದವಲ್ಲ ಎಂಬುದು ನಿಜ. ಆದರೆ ಬಿದ್ದುಹೋದ ಕಡೆಗಳಲ್ಲಿ ತಪ್ಪು ಕೇಳುಗನದಲ್ಲ; ಅಲ್ಲಿ ಕವಿ ತನ್ನವರ ಮುಖ ಮರೆತು ಸಿದ್ಧಾಂತದ ಕಡೆಗೆ ತಿರುಗಿದ್ದಾರೆ.

ವೈದೇಹಿಯವರ ಒಂದು ಕವಿತೆ ಕಾವ್ಯ ಬಲ್ಲವರನ್ನೇ ಎದುರಿಗೆ ಕೂರಿಸಿಕೊಂಡು ತಿಳಿಸಾರಿನ ವಿಷಯ ಕೇಳುತ್ತದೆ. ಅಡುಗೆಮನೆಯ ಅನುಭವ ಲಕ್ಷಾಂತರ ಹೆಂಗಸರದು. ಆದರೆ ಅದನ್ನು ವಿಮರ್ಶಕರ ಕಡೆಗೆ ತಿರುಗಿಸಿ, ಇದು ನಿಮಗೆ ಗೊತ್ತೇ ಎಂದು ವಿನಯದಿಂದಲೇ ಕೇಳಿದಾಗ ಕಾವ್ಯ ಯಾರ ಸ್ವತ್ತು ಎಂಬ ಪ್ರಶ್ನೆ ತಾನಾಗಿ ಎದ್ದು ನಿಲ್ಲುತ್ತದೆ. ಷಿಕಾಗೋದಲ್ಲಿ ಪಾಠ ಹೇಳುತ್ತ ಇಂಗ್ಲಿಷಿನಲ್ಲಿ ಹೆಸರು ಮಾಡಿದ್ದ ಎ.ಕೆ. ರಾಮಾನುಜನ್ 1969ರಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’ ಎಂಬ ಕನ್ನಡ ಸಂಕಲನ ತಂದದ್ದಕ್ಕೂ ಕಾರಣ ಇಲ್ಲೇ ಇದೆ. ಕೆಲವು ಮಾತುಗಳನ್ನು ಬಿಟ್ಟುಬಂದ ಊರಿನ ಕಿವಿಯಷ್ಟೇ ಹಿಡಿಯಬಲ್ಲದು.

ಈಗಿನ ಸಂಕಲನಗಳ ಮಾತಿಗೆ ಬಂದರೆ, ಕವಿತೆಗಳು ಕಡಿಮೆಯಾಗಿವೆ ಎಂದು ಯಾರೂ ಹೇಳುವಂತಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ ಹೊಸಬರ ಚೊಚ್ಚಲ ಕೃತಿಗೆ ನೆರವು ಕೊಡುತ್ತದೆ, ದೀಪಾವಳಿ ವಿಶೇಷಾಂಕಗಳು ಸ್ಪರ್ಧೆ ನಡೆಸುತ್ತವೆ, ಫೋನಿನಲ್ಲಿ ಬರೆದ ನಾಲ್ಕು ಸಾಲಿಗೆ ಅರ್ಧ ಗಂಟೆಯಲ್ಲಿ ನೂರು ಮೆಚ್ಚುಗೆ ಬೀಳುತ್ತದೆ. ಕೇಳುಗ ಇಷ್ಟು ಸುಲಭವಾಗಿ ಸಿಗುವಾಗ ನನ್ನ ವಾದದ ಪ್ರಕಾರ ಇದು ಕಾವ್ಯದ ಸುಗ್ಗಿಯಾಗಬೇಕಿತ್ತಲ್ಲ ಎಂದು ಕೇಳಬಹುದು. ಆಗಿಲ್ಲ, ಮತ್ತು ಅದಕ್ಕೆ ಕಾರಣ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಹಲವು ಹೊಸ ಸಂಕಲನಗಳ ‘ನೀನು’ ಯಾರೂ ಅಲ್ಲ. ಮಳೆ ಬಂದಾಗ ನೆನಪಾಗುವ, ಹೋಗುವಾಗ ತಿರುಗಿ ನೋಡದ, ಮೌನವಾಗಿರುವ ಆ ‘ನೀನು’ವಿಗೆ ಊರಿಲ್ಲ, ಕೆಲಸವಿಲ್ಲ, ಸಿಟ್ಟಿಲ್ಲ, ಎದುರು ಮಾತಿಲ್ಲ. ಅವಳು ಅಥವಾ ಅವನು ಉತ್ತರ ಕೊಡುವ ಸಾಧ್ಯತೆಯೇ ಕವಿತೆಯಲ್ಲಿಲ್ಲ. ಇನ್ನು ಕೆಲವು ಪುಸ್ತಕಗಳ ನಿಜವಾದ ಕೇಳುಗ ಮುನ್ನುಡಿ ಬರೆಯುವ ಹಿರಿಯರು. ಅವರು ಮೆಚ್ಚುವ ಪ್ರತಿಮೆಗಳನ್ನು ಕವಿ ಮೊದಲೇ ಊಹಿಸಿ ಪೋಣಿಸಿರುತ್ತಾನೆ. ಕವಿಗೋಷ್ಠಿಯ ಚಪ್ಪಾಳೆಗಾಗಿ ಕೊನೆಯ ಸಾಲನ್ನು ಏರಿಸಿಟ್ಟ ಕವಿತೆಗಳು ಮತ್ತೊಂದು ಬಗೆ. ಇವುಗಳ ಹಿಂದಿನ ಭಾವ ಸುಳ್ಳೆಂದು ನಾನು ಹೇಳಲಾರೆ. ಭಾವ ನಿಜವಿದ್ದೂ ಕವಿತೆ ಸೋಲುವುದು ಇಲ್ಲೇ, ಮತ್ತು ಪ್ರಾಮಾಣಿಕ ತರುಣ ಕವಿಗಳಿಗೆ ಇದನ್ನು ಯಾರೂ ನೇರವಾಗಿ ಹೇಳದಿರುವುದು ನನಗೆ ನೋವಿನ ಸಂಗತಿ.

ಇದನ್ನು ಮೀರಿದವರೂ ಇದ್ದಾರೆ. 2012ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆದ ಆರಿಫ್ ರಾಜಾ ಅವರ ‘ಜಂಗಮ ಫಕೀರನ ಜೋಳಿಗೆ’ ಹೆಸರಿನಲ್ಲೇ ಶರಣರ ಓಣಿಯನ್ನೂ ಸೂಫಿಗಳ ದರ್ಗಾವನ್ನೂ ಒಟ್ಟಿಗೆ ಕರೆಯುತ್ತದೆ. ರಾಯಚೂರು ಸೀಮೆಯ ಬದುಕಿನಲ್ಲಿ ಈ ಇಬ್ಬರು ಕೇಳುಗರು ಅಕ್ಕಪಕ್ಕದ ಮನೆಯವರು. 2024ರಲ್ಲಿ ಅದೇ ಪುರಸ್ಕಾರ ಬಂದ ಶ್ರುತಿ ಬಿ.ಆರ್. ಅವರ ಸಂಕಲನದ ಹೆಸರು ‘ಝೀರೋ ಬ್ಯಾಲೆನ್ಸ್’. ಸಂಬಳ, ಸಾಲ, ಬ್ಯಾಂಕಿನ ಲೆಕ್ಕದಲ್ಲಿ ದಿನ ತಳ್ಳುವ ಓದುಗರನ್ನು ಹೊಸಿಲಲ್ಲೇ ಅವರ ಮಾತಿನಲ್ಲಿ ಮಾತಾಡಿಸುವ ಹೆಸರದು. ಜಯಂತ ಕಾಯ್ಕಿಣಿಯವರದು ಇನ್ನೂ ಕುತೂಹಲದ ಉದಾಹರಣೆ. ಹತ್ತೊಂಬತ್ತರ ವಯಸ್ಸಿಗೇ, 1974ರ ‘ರಂಗದಿಂದೊಂದಿಷ್ಟು ದೂರ’ ಸಂಕಲನಕ್ಕೆ ರಾಜ್ಯ ಅಕಾಡೆಮಿಯ ಬಹುಮಾನ ಪಡೆದವರು. 2006ರ ಕೊನೆಗೆ ‘ಮುಂಗಾರು ಮಳೆ’ ಸಿನಿಮಾ ಬಂದಾಗ ಅವರ ಸಾಲುಗಳು ಕನ್ನಡದ ಯಾವ ಕವಿಗೂ ಸುಲಭಕ್ಕೆ ಸಿಗದಷ್ಟು ದೊಡ್ಡ ಜನಸಮುದಾಯವನ್ನು ಮುಟ್ಟಿದವು. ಆ ಜನಪ್ರಿಯತೆಯ ನಡುವೆಯೇ 2008ರಲ್ಲಿ ಬಂದ ‘ಒಂದು ಜಿಲೇಬಿ’ ಸಂಕಲನದಲ್ಲಿ ಅವರು ಆ ಜನಸಮುದಾಯದ ಕಡೆಗೆ ತಿರುಗಲಿಲ್ಲ. ಸಿನಿಮಾ ಹಾಡಿನ ಪ್ರೇಮಿಗೆ ಮೊದಲೇ ಒಂದು ದೃಶ್ಯ, ಒಂದು ರಾಗ, ಒಬ್ಬ ನಾಯಕಿ ಸಿದ್ಧವಿರುತ್ತಾಳೆ. ಕವಿತೆಯಲ್ಲಿ ಅವರು ಮಾತಾಡುವುದು ಯಾರ ಕಣ್ಣಿಗೂ ಬೀಳದ ಸಣ್ಣ ಜೀವಗಳನ್ನು ಒಂದು ಕ್ಷಣ ನಿಂತು ನೋಡುವ ತಾಳ್ಮೆಯುಳ್ಳವನೊಡನೆ, ಅದೂ ತಗ್ಗಿದ ದನಿಯಲ್ಲಿ. ಒಬ್ಬನೇ ಮನುಷ್ಯ, ಹೆಚ್ಚುಕಡಿಮೆ ಅದೇ ಅಕ್ಕರೆ, ಅದೇ ವರ್ಷಗಳು. ಆದರೆ ಎರಡು ಬಗೆಯ ಕಿವಿಗೆ ಎರಡು ಬಗೆಯ ಕನ್ನಡ. ಹಾಡನ್ನು ಬಲ್ಲವರು ಸಂಕಲನವನ್ನೂ ತೆರೆದು ಎರಡನ್ನೂ ಒಂದೇ ಸಂಜೆ ಓದಿಕೊಂಡರೆ ಈ ವ್ಯತ್ಯಾಸ ಅವರಿಗೇ ಗೊತ್ತಾಗುತ್ತದೆ.