ಟ್ಯೂಬ್ ಹಾಕುವ ಮುಂಚೆ ಒಂದು ಮಾತು

ರಾತ್ರಿ ಎರಡೂವರೆ. ಕೊಚ್ಚಿಯ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನನ್ನ ನೈಟ್ ಡ್ಯೂಟಿ. ಆಂಬ್ಯುಲೆನ್ಸ್‌ನಿಂದ ಇಳಿಸಿದ ಅಜ್ಜನಿಗೆ ಶ್ವಾಸಕೋಶದ ಕ್ಯಾನ್ಸರ್, ಬೆನ್ನುಮೂಳೆಗೂ ಹರಡಿತ್ತು. ‘ಶ್ವಾಸಂ ಮುಟ್ಟುನ್ನು’ ಎಂದು ಒಂದೇ ಸಮನೆ ಹೇಳುತ್ತಿದ್ದರು. ನಾನು ಕಾಸರಗೋಡಿನ ಕನ್ನಡ ಮನೆಯಲ್ಲಿ ಬೆಳೆದವನು. ನಮ್ಮಲ್ಲಿ ಉಸಿರು ಕಟ್ಟುತ್ತದೆ, ಮಲಯಾಳದಲ್ಲಿ ಮುಟ್ಟುತ್ತದೆ; ಸಂಕಟ ಒಂದೇ. ಅಜ್ಜನ ಹೆಂಡತಿ ಜವಳಿ ಅಂಗಡಿಯ ಕವರಿನಲ್ಲಿ ಫೈಲು ಹಿಡಿದು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅದನ್ನು ಬಿಡಿಸಿ ನೋಡುವ ವ್ಯವಧಾನ ನನಗಿರಲಿಲ್ಲ. ಗಂಟಲಿಗೆ ಟ್ಯೂಬ್ ಇಳಿಸಿ, ವೆಂಟಿಲೇಟರ್‌ಗೆ ಹಾಕಿ ಐಸಿಯುಗೆ ಕಳಿಸಿದೆ.

ಹನ್ನೊಂದನೆಯ ದಿನ ಅಜ್ಜ ತೀರಿಕೊಂಡರು. ಟ್ಯೂಬ್ ಕಿತ್ತುಕೊಳ್ಳಬಾರದೆಂದು ಅವರ ಎರಡೂ ಕೈ ಮಂಚಕ್ಕೆ ಕಟ್ಟಿತ್ತು. ಹೆಂಡತಿಯ ಜೊತೆ ಒಂದು ಮಾತೂ ಆಡಲಾಗಲಿಲ್ಲ. ಆಮೇಲೆ ಫೈಲು ನೋಡಿದೆ. ಕೊನೆಯ ಹಾಳೆಯಲ್ಲಿ ಪಂಚಾಯತಿಯ ಪ್ಯಾಲಿಯೇಟಿವ್ ನರ್ಸ್ ಬರೆದಿದ್ದರು: ರೋಗಿಗೆ ಮನೆಯಲ್ಲೇ ಇರುವ ಆಸೆ, ಮೆಷಿನ್ ಬೇಡ ಎನ್ನುತ್ತಾರೆ.

ನಾನು ಕಲಿತದ್ದನ್ನೇ ಮಾಡಿದ್ದೆ. ಮೊದಲು ಶ್ವಾಸನಾಳ, ಆಮೇಲೆ ಉಸಿರು, ಆಮೇಲೆ ರಕ್ತಸಂಚಾರ: ನಮಗೆ ಉರು ಹೊಡೆಸಿದ ಕ್ರಮ ಇದು. ರೋಗಿಗೆ ಏನು ಬೇಕು ಎಂದು ಕೇಳುವುದು ಆ ಪಟ್ಟಿಯಲ್ಲಿ ಇರಲಿಲ್ಲ. ಎಂಬಿಬಿಎಸ್‌ನ ಹೊಸ ಪಠ್ಯಕ್ರಮದಲ್ಲಿ ಪ್ಯಾಲಿಯೇಟಿವ್ ಆರೈಕೆ ಸೇರಿದ್ದು 2019ರಲ್ಲಿ. ನನ್ನ ಓದು ಅದಕ್ಕೆ ಮುಂಚೆಯೇ ಮುಗಿದಿತ್ತು.

ಮರುವರ್ಷ ರಜೆ ಹಾಕಿ ತಿರುವನಂತಪುರಕ್ಕೆ ಹೋದೆ. ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು 2003ರಲ್ಲಿ ಕಟ್ಟಿದ ಪ್ಯಾಲಿಯಂ ಇಂಡಿಯಾ ಅಲ್ಲಿದೆ. ವೈದ್ಯರಿಗೂ ನರ್ಸ್‌ಗಳಿಗೂ ತರಬೇತಿ ಕೊಡುತ್ತದೆ. ನನ್ನ ತಲೆಯಲ್ಲಿದ್ದ ಎರಡು ತಪ್ಪು ತಿಳಿವಳಿಕೆಗಳು ಅಲ್ಲಿ ಕಳಚಿದವು. ಪ್ಯಾಲಿಯೇಟಿವ್ ಎಂದರೆ ‘ಇನ್ನೇನೂ ಮಾಡಲಾಗದು’ ಎಂದಮೇಲೆ ಬರುವಂಥದ್ದು ಎಂದುಕೊಂಡಿದ್ದೆ. ಅಲ್ಲ, ಕಾಯಿಲೆಯ ಚಿಕಿತ್ಸೆಯ ಜೊತೆಜೊತೆಗೇ ನೋವು, ಏದುಸಿರು, ಭಯ ಇಳಿಸುವ ಆರೈಕೆ ಅದು. ಕ್ಯಾನ್ಸರ್‌ಗೆ ಮಾತ್ರವಲ್ಲ, ಸೋತ ಹೃದಯ, ಸೋತ ಕಿಡ್ನಿ, ಬೀಡಿ ಸೇದಿ ಹಾಳಾದ ಶ್ವಾಸಕೋಶಕ್ಕೂ ಸಲ್ಲುತ್ತದೆ. ಇನ್ನೊಂದು, ನೋವು ತಗ್ಗಿಸುವ ಮಾರ್ಫಿನ್ ಬಗೆಗಿನ ಹೆದರಿಕೆ. 1985ರ ಮಾದಕವಸ್ತು ಕಾಯ್ದೆ ಬಂದಮೇಲೆ ಲೈಸೆನ್ಸ್‌ಗಳ ಕಾಟಕ್ಕೆ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿದರೂ ವೈದ್ಯರ ಅಳುಕು ಇನ್ನೂ ಪೂರ್ತಿ ಹೋಗಿಲ್ಲ.

ಅಜ್ಜನಿಗೆ ಹಾಗಾದದ್ದು ಕೇರಳದಲ್ಲಿ ಎಂಬುದೇ ನನಗೆ ಹೆಚ್ಚು ನೋವು. 1993ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಶುರುವಾದ ಪ್ಯಾಲಿಯೇಟಿವ್ ಕೆಲಸಕ್ಕೆ ಇಲ್ಲಿ 2008ರಲ್ಲಿ ಸರ್ಕಾರಿ ನೀತಿಯೇ ಬಂತು, ದೇಶದಲ್ಲೇ ಮೊದಲು. ಪಂಚಾಯತಿಯ ನರ್ಸ್ ಮನೆಗೇ ಬಂದು ಗಾಯ ಕಟ್ಟುತ್ತಾರೆ. ಅಷ್ಟು ಅಕ್ಕರೆಯಿಂದ ಬರೆದ ಹಾಳೆಯನ್ನು ಎಮರ್ಜೆನ್ಸಿ ಬಾಗಿಲಲ್ಲಿ ನನ್ನಂಥವರು ಓದದೇ ಹೋದರೆ?

ಕೊಚ್ಚಿಗೆ ಮರಳಿದ ಮೇಲೆ ಒಬ್ಬ ಅಮ್ಮಚ್ಚಿ ಬಂದರು. ಹೃದಯ ಪೂರಾ ಸೋತಿತ್ತು, ಕೊಡಬಹುದಾದ ಔಷಧಿಗಳೆಲ್ಲ ಕೊಟ್ಟು ಮುಗಿದಿದ್ದವು. ಟ್ಯೂಬ್ ಕೈಗೆತ್ತಿಕೊಳ್ಳುವ ಮುಂಚೆ ಮಗನನ್ನು ಕೇಳಿದೆ, “ಚೇಟ್ಟಾ, ಅಮ್ಮ ಈ ಬಗ್ಗೆ ಯಾವತ್ತಾದರೂ ಏನಾದರೂ ಹೇಳಿದ್ದರಾ?” ಅವರು ಸ್ವಲ್ಪ ಹೊತ್ತು ನೆಲ ನೋಡಿದರು. “ಹೋದ ಸಲ ಐಸಿಯುನಿಂದ ಬಂದಾಗಲೇ ಹೇಳಿದ್ದರು ಡಾಕ್ಟರೇ, ಇನ್ನು ಅಲ್ಲಿಗೆ ಬೇಡ ಅಂತ.” ಅಮ್ಮಚ್ಚಿಯನ್ನೂ ಕೇಳಿದೆ, ತಲೆಯಾಡಿಸಿದರು. ಮಂಚದ ತಲೆಭಾಗ ಎತ್ತಿಸಿದೆ, ಸಣ್ಣ ಪ್ರಮಾಣದ ಮಾರ್ಫಿನ್ ಕೊಟ್ಟೆ, ಟೇಬಲ್ ಫ್ಯಾನ್ ತರಿಸಿ ಗಾಳಿ ನೇರ ಮುಖಕ್ಕೆ ಬೀಸುವಂತೆ ಇಟ್ಟೆ. ಮುಖಕ್ಕೆ ತಂಗಾಳಿ ಸೋಕಿದರೆ ಏದುಸಿರು ತಗ್ಗುತ್ತದೆ. ಅರ್ಧ ಗಂಟೆಯೊಳಗೆ ಬಿಗಿದ ಭುಜ ಇಳಿಯಿತು. ಹಾಲು ಹಾಕದ ಕಟ್ಟನ್ ಚಾಯ ಕೇಳಿದರು. ಮಗ ಚಮಚದಲ್ಲಿ ಕುಡಿಸಿದರು.

ಟ್ಯೂಬ್ ತಪ್ಪೆಂದು ನಾನು ಹೇಳುತ್ತಿಲ್ಲ. ಅಪಘಾತವಾದ ಹುಡುಗನಿಗೆ, ಹಾವು ಕಚ್ಚಿದವರಿಗೆ ಅದೇ ಜೀವ. ವಾಸಿಯಾಗದ ಕಾಯಿಲೆ ಕೊನೆಗೆ ಬಂದಾಗ ಮಾತ್ರ ಕೇಳದೆ ಹಾಕಬಾರದು. ಚಿಕಿತ್ಸೆ ಎಲ್ಲಿಗೆ ನಿಲ್ಲಬೇಕೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಮಾನ್ಯ ಮಾಡಿದೆ. 2023ರಿಂದ ಇಬ್ಬರು ಸಾಕ್ಷಿಗಳ ಸಹಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು.

ನಿಮ್ಮ ಮನೆಯಲ್ಲಿ ಅಂಥ ಕಾಯಿಲೆಯವರಿದ್ದರೆ ಅವರಿಗೇನು ಬೇಕೆಂದು ಇವತ್ತೇ ಕೇಳಿ, ಒಂದು ಹಾಳೆಯಲ್ಲಿ ಬರೆದು ಫೈಲಿನ ಮೊದಲ ಪುಟಕ್ಕೆ ಅಂಟಿಸಿ. ಎಮರ್ಜೆನ್ಸಿಗೆ ಬಂದಾಗ ನನ್ನಂಥ ಡಾಕ್ಟರ ಕೈ ಹಿಡಿದು ನಿಲ್ಲಿಸಿಯಾದರೂ ಅದನ್ನು ಓದಿಸಿ.