ಮಂದ್ರದ ತಂತಿ ಹಿಡಿದವರು

ಹಾಡು ಎಂದೊಡನೆ ನಮ್ಮ ನೆನಪಿಗೆ ಬರುವುದು ಕೊರಳು. ಸಾಹಿತ್ಯದ ಹುಚ್ಚಿರುವವರಿಗೆ ಪದವೇ ಮೊದಲು ಬಂದೀತು. ರಾಗ ಹಾಕಿದವರ ಹೆಸರು ಅದರ ಬೆನ್ನಿಗೆ. ನಡುವೆ ಕೊಳಲೋ ಪಿಟೀಲೋ ಒಂದು ತುಣುಕು ನುಡಿದಿದ್ದರೆ ಅದನ್ನೂ ಸ್ನಾನದ ಮನೆಯಲ್ಲಿ ಗುನುಗಿಕೊಳ್ಳುತ್ತೇವೆ. ಇವೆಲ್ಲದರ ಕೆಳಗೆ, ನೆಲಕ್ಕೆ ಹತ್ತಿಕೊಂಡಂತೆ, ಹಾಡಿನ ಮೊದಲಿನಿಂದ ಕೊನೆಯವರೆಗೆ ನಡೆದು ಬರುವ ಇನ್ನೊಂದು ದನಿಯಿದೆ. ಅದನ್ನು ಗುನುಗಿಕೊಂಡವರನ್ನು ನಾನು ಕಂಡಿಲ್ಲ. ಬೇಸ್ ಗಿಟಾರ್ ಎಂಬ ವಾದ್ಯದ ದನಿ ಅದು. ಆ ವಾದ್ಯವನ್ನು ನುಡಿಸಿದವರ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನೋಟಕ್ಕೆ ಇದು ಸಾಮಾನ್ಯ ಗಿಟಾರಿನ ಅಣ್ಣನಂತಿರುತ್ತದೆ. ಕತ್ತು ಉದ್ದ, ತಂತಿ ದಪ್ಪ. ಆರರ ಬದಲು ಸಾಧಾರಣವಾಗಿ ನಾಲ್ಕೇ ತಂತಿ. ಎಲ್ಲಕ್ಕಿಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಗಿಟಾರಿನ ದಪ್ಪ ತಂತಿಯ ಕಂಪನ 82. ಎಂದರೆ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಇದು ಬರುವ ಮೊದಲು ಪಾಶ್ಚಾತ್ಯ ಮೇಳಗಳಲ್ಲಿ ಈ ಕೆಲಸವನ್ನು ಮಾಡುತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಊರಿಂದೂರಿಗೆ ಸಾಗಿಸುವುದು ಕಷ್ಟ. ಸಾಗಿಸಿದರೂ ಡ್ರಮ್ಮುಗಳ ಗದ್ದಲದಲ್ಲಿ ಅದರ ದನಿ ಮುಳುಗಿಹೋಗುತ್ತಿತ್ತು. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿಯ ಅಂಗಡಿ ನಡೆಸುತ್ತಿದ್ದು ಆಮೇಲೆ ವಾದ್ಯ ತಯಾರಿಕೆಗೆ ಇಳಿದ ಲಿಯೋ ಫೆಂಡರ್, 1951ರಲ್ಲಿ ವಿದ್ಯುತ್ತಿನಿಂದ ದನಿ ಹೆಚ್ಚಿಸುವ, ಹೆಗಲಿಗೆ ನೇತುಹಾಕಿಕೊಳ್ಳಬಹುದಾದ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದ. ಅದಕ್ಕೆ ‘ಪ್ರಿಸಿಷನ್’ ಎಂದು ಹೆಸರಿಟ್ಟ. ವೀಣೆಗೆ ಇರುವಂತೆ ಅದರ ಕತ್ತಿಗೂ ಮೆಟ್ಟುಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಸಿಕ್ಕುತ್ತಿತ್ತು ಎಂಬುದು ಆ ಹೆಸರಿನ ಅರ್ಥ. ರಾಕ್ ಸಂಗೀತವೂ ನಮ್ಮ ಚಿತ್ರಸಂಗೀತವೂ ಮುಂದೆ ಈ ವಾದ್ಯದ ಮೇಲೆಯೇ ನಿಂತವು.

ರೇಡಿಯೋ ರಿಪೇರಿಯವನು ರೂಢಿಗೆ ತಂದ ವಾದ್ಯ ರೇಡಿಯೋದಲ್ಲಿಯೇ ಸರಿಯಾಗಿ ಕೇಳಿಸದೆ ಹೋದದ್ದು ಒಂದು ವಿಚಿತ್ರ. ಕಂಪನ ನಿಧಾನವಾದಷ್ಟೂ ಧ್ವನಿವರ್ಧಕ ಹೆಚ್ಚು ಗಾಳಿಯನ್ನು ತಳ್ಳಬೇಕಾಗುತ್ತದೆ. ಅಂಗೈಯಗಲದ ಟ್ರಾನ್ಸಿಸ್ಟರಿನೊಳಗಿನ ಪುಟ್ಟ ಕಾಗದದ ಶಂಕುವಿಗೆ ಅಷ್ಟು ಕಸುವು ಎಲ್ಲಿಂದ ಬರಬೇಕು? ಮದುವೆಯ ಚಪ್ಪರಕ್ಕೂ ಜಾತ್ರೆಯ ಮರಕ್ಕೂ ಕಟ್ಟುತ್ತಿದ್ದ ತಗಡಿನ ಹಾರನ್ನು ಮನುಷ್ಯನ ಕೊರಳನ್ನು ಎರಡು ಹೊಲ ದಾಟಿಸಬಲ್ಲುದು; ಮಂದ್ರವನ್ನು ಮಾತ್ರ ಬಾಯಿಯಲ್ಲೇ ಬಿಡುತ್ತದೆ. ಈಗ ಎಲ್ಲರ ಜೇಬಿನಲ್ಲಿರುವ ಮೊಬೈಲಿನ ಪಾಡೂ ಬೇರೆಯಲ್ಲ. ಇಷ್ಟು ಸಾಲದೆಂಬಂತೆ ನಮ್ಮ ಕಿವಿಯೂ ಪಕ್ಷಪಾತಿ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಅಳತೆಗಳು ಇದನ್ನು ತೋರಿಸಿದವು: ತಗ್ಗು ದನಿಯೊಂದು ನಡುದನಿಯಷ್ಟೇ ಜೋರಾಗಿ ಕೇಳಿಸಬೇಕಾದರೆ ಅದಕ್ಕೆ ಹಲವು ಪಟ್ಟು ಹೆಚ್ಚು ಬಲ ಬೇಕು. ಮಗುವಿನ ಅಳು ನಮ್ಮನ್ನು ಎಬ್ಬಿಸುತ್ತದೆ, ದೂರದ ಗುಡುಗು ನಿದ್ದೆಯ ಜೊತೆಗೇ ಸೇರಿಹೋಗುತ್ತದೆ.

ಹಾಗಾದರೆ ಇಷ್ಟು ವರ್ಷ ನಾವು ಅದನ್ನು ಕೇಳಿಯೇ ಇಲ್ಲವೆ? ಕೇಳಿದ್ದೇವೆ. ಇಲ್ಲಿ ಪ್ರಕೃತಿಯ ಒಂದು ಸೋಜಿಗವಿದೆ. ತಂತಿಯೊಂದು 41 ಬಾರಿ ಕಂಪಿಸುವಾಗ ಅದರ ಇಮ್ಮಡಿ, ಮುಮ್ಮಡಿ, ನಾಲ್ಮಡಿ ಕಂಪನಗಳೂ ಒಡಹುಟ್ಟುತ್ತವೆ. ತಂಬೂರಿಯ ಮಂದ್ರ ಷಡ್ಜವನ್ನು ಮೀಟಿದಾಗ ಯಾರೂ ನುಡಿಸದ ಗಾಂಧಾರ ತಾನಾಗಿ ಹೊಮ್ಮುವುದನ್ನು ಸಂಗೀತ ಬಲ್ಲವರು ಅರಿತಿದ್ದಾರೆ. ಅದು ಇಂಥ ಕಂಪನಗಳಲ್ಲಿ ಐದನೆಯದು. ಪುಟ್ಟ ಪೆಟ್ಟಿಗೆ ಮೂಲ ಸ್ವರವನ್ನು ನುಂಗಿಕೊಂಡು ಈ ಸಂತಾನವನ್ನು ಮಾತ್ರ ಹೊರಗೆ ಬಿಟ್ಟರೂ ನಮ್ಮ ಕಿವಿ ಮಕ್ಕಳ ಮುಖ ನೋಡಿ ತಾಯಿಯನ್ನು ಊಹಿಸಿಕೊಳ್ಳುತ್ತದೆ. ಇಲ್ಲದ ಸ್ವರ ಇದ್ದಂತೆಯೇ ಕೇಳುತ್ತದೆ. ಬೇಸ್ ನುಡಿಸಿದವನ ಶ್ರಮ ಹೀಗೆ ನಮ್ಮ ಊಹೆಯ ಮೂಲಕ ನಮ್ಮನ್ನು ತಲುಪುತ್ತದೆ.

ಅವನ ಕೆಲಸವಾದರೂ ಏನು? ‘ನಮ್ಮಲ್ಲಿ ತಂಬೂರಿ ಇಲ್ಲವೆ, ಅದರಂತೆಯೇ ಇದೂ’ ಎಂದು ಕೆಲವರು ಹೇಳುವುದುಂಟು. ಹೋಲಿಕೆ ಅರ್ಧ ಸರಿ. ಮಳವಳ್ಳಿ ಸೀಮೆಯ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಪರಂಪರೆಯ ನೀಲಗಾರರು ಬೆಳಗಿನ ಜಾವದವರೆಗೆ ಕತೆ ಹಾಡುತ್ತಾರೆ. ಕತೆ ಎತ್ತಲೋ ಹೋಗುತ್ತದೆ, ಅಳುತ್ತದೆ, ನಗುತ್ತದೆ. ತಂಬೂರಿಯ ನಾದ ಮಾತ್ರ ನಿಂತಲ್ಲೇ ನಿಂತಿರುತ್ತದೆ. ನಮ್ಮ ಸಂಗೀತದಲ್ಲಿ ನೆಲ ಕದಲುವುದಿಲ್ಲ. ಪಾಶ್ಚಾತ್ಯ ಪದ್ಧತಿಯಲ್ಲಿ ನೆಲವೇ ನಡೆಯುತ್ತದೆ. ನಡೆಸುವವನು ಬೇಸ್ ಗಿಟಾರಿನವನು. ಒಂದು ನಿದರ್ಶನ ಹೇಳುತ್ತೇನೆ. ಗಾಯಕಿಯೊಬ್ಬಳು ಮೇಲಿನ ಷಡ್ಜವನ್ನು ಹಿಡಿದು ನಿಂತಿದ್ದಾಳೆನ್ನಿ. ಕೆಳಗೆ ಬೇಸ್ ಕೂಡ ಷಡ್ಜವನ್ನೇ ನುಡಿದರೆ ಮನೆಗೆ ಬಂದ ನೆಮ್ಮದಿ. ಅವಳು ಅದೇ ಸ್ವರದಲ್ಲಿರುವಾಗ ಬೇಸ್ ಶುದ್ಧ ಮಧ್ಯಮಕ್ಕೆ ಸರಿದರೆ, ಆ ಮಧ್ಯಮದ ಲೆಕ್ಕದಲ್ಲಿ ಅವಳ ಷಡ್ಜ ಪಂಚಮವಾಗುತ್ತದೆ. ಹಾಡು ಅಂಗಳಕ್ಕೆ ಬಂದಂತೆ ಬಯಲಾಗುತ್ತದೆ. ಚತುಶ್ರುತಿ ಧೈವತಕ್ಕೆ ಇಳಿದನೋ, ಅದೇ ಷಡ್ಜ ಸಾಧಾರಣ ಗಾಂಧಾರದ ಬಣ್ಣ ತಳೆದು ಎದೆಯಲ್ಲಿ ಸಣ್ಣಗೆ ನೋವು ಮೂಡುತ್ತದೆ. ಅವಳು ಏನನ್ನೂ ಬದಲಿಸಲಿಲ್ಲ. ನಾವು ಮಾತ್ರ ‘ಎಂಥ ಭಾವ ತುಂಬಿ ಹಾಡಿದಳು!’ ಎಂದು ತಲೆದೂಗುತ್ತೇವೆ. ನಮ್ಮ ವಿದ್ವಾಂಸರು ಕಚೇರಿಯಲ್ಲಿ ಅಪರೂಪಕ್ಕೆ ಶ್ರುತಿಭೇದ ಮಾಡಿ ತೋರಿಸಿದಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಬೇಸ್ ವಾದಕ ಅದರ ಒಂದು ಸಣ್ಣ ರೂಪವನ್ನು ಹಾಡಿನ ಸಾಲುಸಾಲಿಗೂ ಮಾಡುತ್ತಿರುತ್ತಾನೆ ಎನ್ನಬಹುದೇನೋ.

ಇದಲ್ಲದೆ ತಾಳದ ಹೊರೆಯೂ ಅವನದೇ. ಡ್ರಮ್ಮಿನ ಪೆಟ್ಟಿಗೆ ಸ್ವರ ಕೊಡುವವನೂ ಸ್ವರಕ್ಕೆ ಪೆಟ್ಟು ಕೊಡುವವನೂ ಅವನು. ಮೃದಂಗದ ಎಡಮುಖಕ್ಕೆ ರವೆಯ ಕಣಕ ಮೆತ್ತಿ ದನಿಯನ್ನು ತಗ್ಗಿಸುವುದನ್ನು ನೋಡಿದವರಿಗೆ ಈ ಮಾತು ಬೇಗ ಹಿಡಿಸೀತು.

ಇಂಥವರನ್ನು ಲೋಕ ಹೇಗೆ ನಡೆಸಿಕೊಂಡಿತು ಎಂಬುದಕ್ಕೆ ಜೇಮ್ಸ್ ಜೇಮರ್ಸನ್ ಎಂಬಾತನ ಬಾಳು ಸಾಕು. 1936ರಲ್ಲಿ ದಕ್ಷಿಣ ಕರೋಲಿನಾದಲ್ಲಿ ಹುಟ್ಟಿದ ಈ ಕರಿಯ ಕಲಾವಿದ, ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ ಧ್ವನಿಮುದ್ರಣ ಶಾಲೆಯಲ್ಲಿ ಬಲಗೈಯ ತೋರುಬೆರಳೊಂದರಿಂದಲೇ ತಂತಿ ಮೀಟುತ್ತ, ಅರವತ್ತರ ದಶಕದ ಅಮೆರಿಕವನ್ನು ಕುಣಿಸಿದ ಹಾಡುಗಳಿಗೆ ನೆಲ ಹಾಕಿದ. ಮುದ್ರಿಕೆಗಳ ಮೇಲೆ ಗಾಯಕರ ಹೆಸರಿತ್ತು, ಕಂಪನಿಯ ಹೆಸರಿತ್ತು, ಅವನ ಹೆಸರಿರಲಿಲ್ಲ. ಕಡೆಗೆ 1971ರಲ್ಲಿ ಮಾರ್ವಿನ್ ಗೇ ಎಂಬ ಗಾಯಕನ ‘ವಾಟ್ಸ್ ಗೋಯಿಂಗ್ ಆನ್’ ಮುದ್ರಿಕೆಯ ಹೊದಿಕೆಯ ಮೇಲೆ ವಾದ್ಯಗಾರರ ಹೆಸರುಗಳು ಅಚ್ಚಾದವು. ಜೇಮರ್ಸನ್‌ಗೆ ‘ಎಣೆಯಿಲ್ಲದ’ ಎಂಬ ಅರ್ಥದ ಒಂದು ವಿಶೇಷಣವೂ ದಕ್ಕಿತು. 1983ರಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಅವನ ಮೇಲೆ ಗ್ರಂಥ ಬಂದುದು 1989ರಲ್ಲಿ, ರಾಕ್ ಸಂಗೀತದ ಕೀರ್ತಿಭವನಕ್ಕೆ ಹೆಸರು ಸೇರಿದುದು 2000ದಲ್ಲಿ. ಶ್ರಾದ್ಧದ ಹೋಳಿಗೆ ಎನ್ನುತ್ತಾರಲ್ಲ, ಹಾಗೆ. 1935ರಲ್ಲಿ ಹುಟ್ಟಿದ ಕ್ಯಾರಲ್ ಕೇ ಎಂಬಾಕೆ ಇನ್ನೂ ಖಡಾಖಂಡಿತ. 1963ರಲ್ಲಿ ಒಂದು ಧ್ವನಿಮುದ್ರಣಕ್ಕೆ ಬೇಸ್ ವಾದಕ ಬಾರದೆ ಹೋದಾಗ ಗಿಟಾರ್ ಬಿಟ್ಟು ಬೇಸ್ ಹಿಡಿದಾಕೆ, ಮುಂದೆ ಲಾಸ್ ಏಂಜಲಿಸ್ಸಿನ ಅಸಂಖ್ಯ ಹಾಡುಗಳಿಗೂ ಚಿತ್ರಗಳಿಗೂ ನುಡಿಸಿದಳು. ಅದೇ ಕೀರ್ತಿಭವನ 2025ರಲ್ಲಿ ಆಕೆಯನ್ನು ಆರಿಸಿದಾಗ, ಹೋಗುವುದಿಲ್ಲವೆಂದು ಹೇಳಿಬಿಟ್ಟಳು. ಸ್ಟುಡಿಯೋ ವಾದಕರು ಮಾಡಿದ ಕೆಲಸವನ್ನು ಆ ಗೌರವ ಸರಿಯಾಗಿ ಬಿಂಬಿಸುವುದಿಲ್ಲ ಎಂಬುದು ಆಕೆಯ ವಾದವಾಗಿತ್ತು.

ನಮ್ಮಲ್ಲಿಗೆ ಬರೋಣ. ಕನ್ನಡ ಚಿತ್ರಗೀತೆಗಳು ಬಹುಕಾಲ ಮದರಾಸಿನಲ್ಲಿಯೇ ಮುದ್ರಣವಾಗುತ್ತಿದ್ದವು. ವಾದ್ಯಗಾರರಿಗೆ ಕಾಲ್‌ಷೀಟಿನ ಲೆಕ್ಕದಲ್ಲಿ ಕೂಲಿ; ಅಲ್ಲಿಗೆ ಋಣ ಹರಿಯಿತು. ನಮ್ಮ ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿ ಪಳಗಿದ ಇಳಯರಾಜರು ಬೇಸ್ ಗಿಟಾರಿನ ಮೇಲೆ ವಿಶೇಷ ಮಮತೆಯುಳ್ಳವರು. ಉಳಿದ ವಾದ್ಯಗಳಿಗೆ ಬರೆಯುವಂತೆ ಅದಕ್ಕೂ ಸ್ವರ ಬರೆದುಕೊಟ್ಟರು. ಬರೆದುದನ್ನು ದೀರ್ಘಕಾಲ ಅವರ ವೃಂದದಲ್ಲಿ ನುಡಿಸಿದವರು ಶಶಿಧರನ್. ಹಿಂದಿಯಲ್ಲಿ ಆರ್.ಡಿ. ಬರ್ಮನ್ನರಿಗೆ ಟೋನಿ ವಾಜ್, ಮುಂದೆ ಎ.ಆರ್. ರೆಹಮಾನರಿಗೆ ಕೀತ್ ಪೀಟರ್ಸ್. ಈ ಹೆಸರುಗಳನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರೋ ಕಾಣೆ. ಬಾನುಲಿಯವರಾದ ನಾವೂ ಈ ವಿಚಾರದಲ್ಲಿ ಶುದ್ಧಹಸ್ತರಲ್ಲ: ಶಾಸ್ತ್ರೀಯ ಕಚೇರಿಯಾದರೆ ಪಿಟೀಲಿನವರು ಯಾರು, ಮೃದಂಗದವರು ಯಾರು ಎಂದು ತಪ್ಪದೆ ಹೇಳುತ್ತೇವೆ, ಚಿತ್ರಗೀತೆಯಾದರೆ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು, ಅಲ್ಲಿಗೆ ಮುಗಿಯಿತು.

ಹೆಸರು ಹೇಳಿದರೆಷ್ಟು, ಬಿಟ್ಟರೆಷ್ಟು ಎನ್ನಬೇಡಿ. ಹೆಸರಿಗೂ ಅನ್ನಕ್ಕೂ ಕಾನೂನೇ ಗಂಟು ಹಾಕಿದೆ. 2012ರಲ್ಲಿ ನಮ್ಮ ಹಕ್ಕುಸ್ವಾಮ್ಯ ಕಾಯಿದೆಗೆ ಬಂದ ತಿದ್ದುಪಡಿ, ಹಾಡಿದವರು ನುಡಿಸಿದವರು ಎಲ್ಲರೂ ಸೇರಿದ ‘ಪ್ರದರ್ಶಕ’ರಿಗೆ ಅವರ ಕಲೆಯನ್ನು ವ್ಯಾಪಾರಕ್ಕೆ ಬಳಸಿದಾಗ ಗೌರವಧನದ ಹಕ್ಕನ್ನು ಕೊಟ್ಟಿತು. ಆದರೆ ಅದೇ ತಿದ್ದುಪಡಿ ‘ಪ್ರದರ್ಶಕ’ ಎಂಬ ಪದದ ವ್ಯಾಖ್ಯೆಗೆ ಒಂದು ಬಾಲವನ್ನೂ ಅಂಟಿಸಿತು. ಚಲನಚಿತ್ರದಲ್ಲಿ ಯಾರ ಕೆಲಸ ಪ್ರಾಸಂಗಿಕವಾದುದೋ, ಮತ್ತು ಉದ್ಯಮದ ವಾಡಿಕೆಯಂತೆ ಯಾರ ಹೆಸರನ್ನು ಶೀರ್ಷಿಕೆಗಳಲ್ಲಾಗಲಿ ಬೇರೆಲ್ಲಿಯಾಗಲಿ ಕಾಣಿಸುವುದಿಲ್ಲವೋ, ಅಂಥವರನ್ನು, ಅವರ ಕಲೆಯನ್ನು ವಿಕಾರಗೊಳಿಸಿದಾಗ ತಡೆಯುವ ಹಕ್ಕೊಂದನ್ನು ಬಿಟ್ಟರೆ, ಪ್ರದರ್ಶಕರೆಂದು ಎಣಿಸತಕ್ಕದ್ದಲ್ಲ. ಹಾಡಿನ ಉದ್ದಕ್ಕೂ ನುಡಿಯುವ ಬೇಸ್ ಪ್ರಾಸಂಗಿಕವೆಂದು ನಾನಂತೂ ಒಪ್ಪಲಾರೆ. ಆದರೆ ಹೆಸರು ಅಚ್ಚಾಗದವನು ತಾನು ಪ್ರಾಸಂಗಿಕನಲ್ಲವೆಂದು ಸಾಧಿಸುವ ಪಾಡಿಗೆ ಬೀಳುತ್ತಾನೆ. ಹೆಸರು ಹಾಕದಿರುವುದು ಮೊದಲು ಉದಾಸೀನವಾಗಿತ್ತು, ಆಮೇಲೆ ವಾಡಿಕೆಯಾಯಿತು, ಈಗ ಆ ವಾಡಿಕೆಯೇ ಸಾಕ್ಷಿ ಹೇಳುತ್ತದೆ.

ಸ್ಟುಡಿಯೋದವರಿಗೆ ಕೂಲಿಯಾದರೂ ಸಿಕ್ಕಿತು. ಬೀದಿಯ ವೇದಿಕೆಯವರ ಕತೆ ಬೇರೆ. ಗುತ್ತಲು ಈಗ ಮಂಡ್ಯ ನಗರದೊಳಗೇ ಸೇರಿಹೋಗಿರುವ ಊರು. ಅಲ್ಲಿ ಗಣಪತಿ ಹಬ್ಬದ ಆರ್ಕೆಸ್ಟ್ರಾಗಳನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಗಾಯಕರು ಮುಂದೆ, ಕೀಬೋರ್ಡು ಪಕ್ಕದಲ್ಲಿ. ಬೇಸ್ ಗಿಟಾರಿನವರು ಡ್ರಮ್ಮಿನ ಮಗ್ಗುಲಲ್ಲಿ, ದೀಪದ ಬೆಳಕು ತೀರುವ ಕಡೆ. ಅಂಥವರೊಬ್ಬರ ಪರಿಚಯವಿತ್ತು. ‘ಮೇಷ್ಟ್ರೇ, ನಾ ತಪ್ಪು ಬಾರ್ಸುದ್ರೆ ಜನ ಹಾಡೋರ್ನ ನೋಡ್ತಾರೆ, ಸರ್ಯಾಗ್ ಬಾರ್ಸುದ್ರೂ ಹಾಡೋರ್ನೇ ನೋಡ್ತಾರೆ’ ಎಂದು ಒಮ್ಮೆ ನಗುತ್ತ ಹೇಳಿದ್ದರು. ಕೀಬೋರ್ಡುಗಳು ಚುರುಕಾದಂತೆ ಅವರ ಕೆಲಸ ಕೀಬೋರ್ಡಿನವರ ಎಡಗೈಗೆ ಹೋಯಿತು. ಒಬ್ಬರ ಸಂಭಾವನೆ ಉಳಿಯಿತೆಂದು ಆರ್ಕೆಸ್ಟ್ರಾದ ಯಜಮಾನರಿಗೆ ಸಮಾಧಾನ. ಆಮೇಲೆ ಆ ಎಡಗೈಯೂ ಬೇಡವಾಗಿ ಮೊದಲೇ ಮುದ್ರಿಸಿದ ಟ್ರ್ಯಾಕು ಬಂತು. ಟ್ರ್ಯಾಕಿನಲ್ಲಿ ಸ್ವರ ತಪ್ಪುವುದಿಲ್ಲ ನಿಜ. ಆದರೆ ಗಾಯಕ ಉಸಿರಿಗಾಗಿ ಅರೆಗಳಿಗೆ ತಡೆದರೆ ಅದು ಕಾಯುವುದೂ ಇಲ್ಲ. ನೀಲಗಾರರ ಹಿಮ್ಮೇಳದವರು ಸೊಲ್ಲು ಹಿಡಿಯುವಾಗ ಮುಮ್ಮೇಳದವನ ದಣಿವನ್ನು ನೋಡಿ ಒಂದು ಸುತ್ತು ಹೆಚ್ಚಿಗೆ ಎಳೆಯುತ್ತಾರೆ. ಆ ದಯೆ ಯಂತ್ರಕ್ಕೆ ತಿಳಿಯದು.

ಬೆಂಗಳೂರಿನ ಹೊಸ ತಂಡಗಳಲ್ಲಿ ಮಾತ್ರ ಈ ವಾದ್ಯಕ್ಕೆ ಮತ್ತೆ ಮುಖ ಬಂದಿತು. ಶಿಶುನಾಳ ಷರೀಫರ ತತ್ತ್ವಪದಗಳನ್ನು ಹೊಸ ತಲೆಮಾರಿಗೆ ಹಾಡಿದ ರಘು ದೀಕ್ಷಿತರ ತಂಡದಲ್ಲಿ ಗೌರವ್ ವಾಜ್ ಬೇಸ್ ನುಡಿಸಿದರು. ‘ಸ್ವರಾತ್ಮ’ ತಂಡದಲ್ಲಿ ಜಿಷ್ಣು ದಾಸಗುಪ್ತ. ತಂಡ ಸಣ್ಣದಾದ್ದರಿಂದ ವೇದಿಕೆಯ ಮೇಲೆ ಎಲ್ಲರೂ ಕಾಣುತ್ತಾರೆ, ಎಲ್ಲರ ಹೆಸರೂ ಅಚ್ಚಾಗುತ್ತದೆ. ಈ ಇಬ್ಬರೂ ತಂತಮ್ಮ ತಂಡದ ವ್ಯವಹಾರವನ್ನೂ ನೋಡಿಕೊಂಡವರೆಂಬುದು ತಮಾಷೆಯಾಗಿದೆ. ತಳ ಹಿಡಿದವರ ತಲೆಗೇ ಲೆಕ್ಕದ ಪುಸ್ತಕವೂ ಬೀಳುತ್ತದೆಯೋ ಏನೋ!

ಕೇಳುವ ಬಗೆಯನ್ನು ಹೇಳಿ ಮುಗಿಸುತ್ತೇನೆ. ಶಂಕರ್ ನಾಗ್ ನಿರ್ದೇಶಿಸಿದ, ಇಳಯರಾಜರ ಸಂಗೀತವಿರುವ 1981ರ ‘ಗೀತಾ’ ಚಿತ್ರದ ಹಾಡುಗಳನ್ನೋ, 1983ರ ‘ಪಲ್ಲವಿ ಅನುಪಲ್ಲವಿ’ಯ ಹಾಡುಗಳನ್ನೋ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಬೇಡ, ಸ್ವಲ್ಪ ದೊಡ್ಡ ಪೆಟ್ಟಿಗೆಯಲ್ಲಿ, ಇಲ್ಲವೆ ಕಿವಿ ಮುಚ್ಚುವ ಹೆಡ್‌ಫೋನಿನಲ್ಲಿ ಕೇಳಿ. ಮೊದಲ ಸಲ ಕೊರಳನ್ನು ಕೇಳಿಬಿಡಿ, ಅದರ ಆಸೆ ತೀರಲಿ. ಎರಡನೆಯ ಸಲ ಡ್ರಮ್ಮನ್ನು ಹಿಡಿದುಕೊಂಡು, ಅದರ ದಪ್ಪ ಪೆಟ್ಟಿನ ಜೊತೆಗೆ ಏಳುವ ಸ್ವರ ಯಾವುದೆಂದು ಹುಡುಕಿ. ಎರಡು ಸಾಲು ಸಿಕ್ಕೀತು, ಮೂರನೆಯದರಲ್ಲಿ ಕೊರಳು ಬಂದು ನಿಮ್ಮನ್ನು ಎಳೆದುಕೊಂಡು ಹೋದೀತು. ಮತ್ತೆ ಕೆಳಗಿಳಿಯಿರಿ. ಚರಣದ ಕೊನೆಯಲ್ಲಿ ಹಾಡು ಪಲ್ಲವಿಗೆ ತಿರುಗುವ ಜಾಗ ಬರುತ್ತದೆ. ಅಲ್ಲಿ ಗಾಯಕರಿಗಿಂತ ಒಂದು ಹೆಜ್ಜೆ ಮೊದಲು ಯಾರು ತಿರುಗಿದರೆಂದು ಗಮನವಿಟ್ಟು ಕೇಳಿ.